ಪೊಂಪದೂರ್ ಕಥೆಯನ್ನು ತರಗತಿಯಲ್ಲಿ ಹೇಳುವುದು ಹೇಗೆ

ಮೊದಲು ಬೋರ್ಡಿನ ಮೇಲೆ ಒಂದು ಕಳೆಯುವ ಲೆಕ್ಕ ಬರೆಯಿರಿ. 1764ರಲ್ಲಿ 1745 ಕಳೆದರೆ 19. ಅದರ ಕೆಳಗೆ 5 ಬರೆದು ಅದನ್ನೂ ಕಳೆಯಿರಿ. ಉಳಿಯುವುದು 14. ಇದು ಯಾವುದರ ಲೆಕ್ಕ ಅಂತ ಆಗಲೇ ಹೇಳಬೇಡಿ. ಮಕ್ಕಳು ನೋಡುತ್ತಾ ಇರಲಿ.

ನಾನು ಮಂಗಳೂರಿನಲ್ಲಿ 26 ವರ್ಷ ಡಿಗ್ರಿ ಮಕ್ಕಳಿಗೆ ಇತಿಹಾಸ ಪಾಠ ಮಾಡಿದವಳು. ಈಗ ನಿವೃತ್ತಳಾಗಿ ಉಡುಪಿಯಲ್ಲಿ ಅಕ್ಕನ ಮನೆಯ ಹತ್ತಿರ ಇದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡಿ ಕೇಳುತ್ತಾರೆ: ಫ್ರೆಂಚ್ ಕ್ರಾಂತಿಯ ಮೊದಲಿನ ಪಾಠದಲ್ಲಿ ರಾಜ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ ಪೊಂಪದೂರ್ ಬರುತ್ತಾಳಲ್ಲ, ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರ ಎದುರು ಅದನ್ನು ಹೇಗೆ ಹೇಳುವುದು? ಹಿಂದಿನ ಬೆಂಚಿನಲ್ಲಿ ನಗು ಶುರುವಾಗುತ್ತದೆ, ನಮಗೇ ಮುಜುಗರ ಆಗುತ್ತದೆ ಅಂತ.

ನನಗೂ ಆಗುತ್ತಿತ್ತು. ಮೊದಲ ನಾಲ್ಕೈದು ವರ್ಷ ನಾನು ನೋಟ್ಸಿನಲ್ಲಿ ಇದ್ದ ಒಂದೇ ವಾಕ್ಯ ಓದಿಸಿ ಮುಂದೆ ಹೋಗುತ್ತಿದ್ದೆ: 'ಹದಿನೈದನೇ ಲೂಯಿಯು ಉಪಪತ್ನಿಯರ ಕೈಗೊಂಬೆಯಾಗಿದ್ದನು.' ಒಂದು ವರ್ಷ ಉಳ್ಳಾಲದ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ಅವರು ಇಡೀ ದಿನ ಎಂತ ಮಾಡ್ತಿದ್ರು?" ನನ್ನಲ್ಲಿ ಉತ್ತರ ಇರಲಿಲ್ಲ. ಆ ಬೇಸಿಗೆ ರಜೆಯಲ್ಲಿ ಓದಲು ಕುಳಿತೆ. ಆ ಹುಡುಗಿಯ ಪ್ರಶ್ನೆಯನ್ನೇ ಹಿಡಿದುಕೊಂಡು ಹೋದರೆ ಸಾಕು. ನಗು ತಾನಾಗಿ ನಿಲ್ಲುತ್ತದೆ.

ಲೆಕ್ಕಕ್ಕೆ ಬರೋಣ. ಅವಳು ರಾಜನ ಜೊತೆ ವರ್ಸಾಯ್ ಅರಮನೆಯಲ್ಲಿ ಇದ್ದದ್ದು 1745ರಿಂದ 1764ರವರೆಗೆ, 19 ವರ್ಷ. ಹಾಸಿಗೆಯ ಸಂಬಂಧ ಇದ್ದದ್ದು ಸುಮಾರು ಮೊದಲ ಐದು ವರ್ಷ ಮಾತ್ರ. 1750ರ ಹೊತ್ತಿಗೆ ಅದು ಮುಗಿದಿತ್ತು. ಉಳಿದ 14 ವರ್ಷ ಅವಳು ಅದೇ ಅರಮನೆಯಲ್ಲಿ ಇದ್ದಳು, ಮೊದಲಿಗಿಂತ ಜಾಸ್ತಿ ಅಧಿಕಾರದಲ್ಲಿ ಇದ್ದಳು. ಯಾಕೆ? ನಿಮ್ಮ ಇಡೀ ಒಂದು ಗಂಟೆ ಈ 14ಕ್ಕೆ ಉತ್ತರ ಹುಡುಕುವುದಕ್ಕೆ ಇರಲಿ.

ಶಬ್ದದ ವಿಷಯದಲ್ಲಿ ಜಾಗ್ರತೆ ಬೇಕು. 'ಇಟ್ಟುಕೊಂಡವಳು' ಅಂದರೆ ಅವಳು ಒಂದು ಸಾಮಾನಾಗಿಬಿಡುತ್ತಾಳೆ. 'ಉಪಪತ್ನಿ' ಅಂದರೆ ಏನೋ ಒಂದು ಮದುವೆ ಆಗಿದೆ ಅನ್ನಿಸುತ್ತದೆ, ಆಗಿರಲಿಲ್ಲ. ಫ್ರಾನ್ಸಿನಲ್ಲಿ ಇದು ಒಂದು ಹುದ್ದೆಯ ಹಾಗೆಯೇ ಇತ್ತು. ಅದಕ್ಕೆ ಹೆಸರಿತ್ತು, ಅರಮನೆಯಲ್ಲಿ ಕೋಣೆಗಳಿದ್ದವು, ರಾಜ ರಾಣಿಯ ಎದುರು ಎಲ್ಲರ ಸಮಕ್ಷಮದಲ್ಲಿ ಪರಿಚಯಿಸುವ ಕ್ರಮವೂ ಇತ್ತು. ಪೊಂಪದೂರ್‌ಗೆ ಅದು ಆದದ್ದು 1745ರ ಸೆಪ್ಟೆಂಬರ್ 14ರಂದು. ನಾನು 'ಅಧಿಕೃತ ಪ್ರೇಯಸಿ' ಅಂತ ಒಮ್ಮೆ ಹೇಳಿ ವಿವರಿಸುತ್ತೇನೆ. ಆಮೇಲೆ ಅವಳ ಹೆಸರನ್ನೇ ಬಳಸುತ್ತೇನೆ.

ಹುಟ್ಟಿದಾಗ ಅವಳ ಹೆಸರು ಝಾನ್ ಆಂತ್ವಾನೆತ್ ಪ್ವಾಸೋಂ. ಪ್ಯಾರಿಸ್, 1721ರ ಡಿಸೆಂಬರ್ 29. ಬಾಲ್ಯವನ್ನು ಬೇಗ ಮುಗಿಸಿ, ಆದರೆ ಹಣದ ವಿಷಯ ಬಿಡಬೇಡಿ. ಅವಳು ರಾಜಮನೆತನದವಳಲ್ಲ, ಜಮೀನ್ದಾರರ ಮಗಳೂ ಅಲ್ಲ. ಅವಳ ಸುತ್ತ ಇದ್ದವರು ತೆರಿಗೆ ಗುತ್ತಿಗೆದಾರರು. ಇದನ್ನು ನಮ್ಮ ಮಕ್ಕಳಿಗೆ ಹೇಳುವುದು ಸುಲಭ. ಹೈವೇ ಟೋಲ್ ಗುತ್ತಿಗೆ ನೆನಪಿಸಿ. ಸರ್ಕಾರಕ್ಕೆ ಇಷ್ಟು ಅಂತ ಮೊದಲೇ ಕಟ್ಟುವುದು, ಆಮೇಲೆ ವಸೂಲಿ ಮಾಡಿದ್ದರಲ್ಲಿ ಉಳಿದದ್ದು ತನಗೆ. ಫ್ರಾನ್ಸಿನಲ್ಲಿ ಉಪ್ಪಿನ ತೆರಿಗೆ, ತಂಬಾಕಿನ ತೆರಿಗೆ ಹೀಗೇ ವಸೂಲಿ ಆಗುತ್ತಿತ್ತು. ಜನ ಈ ಗುತ್ತಿಗೆದಾರರನ್ನು ಎಷ್ಟು ದ್ವೇಷಿಸುತ್ತಿದ್ದರು ಅಂತ ಇಲ್ಲಿಯೇ ಹೇಳಿಟ್ಟರೆ ಕ್ರಾಂತಿಯ ಪಾಠಕ್ಕೂ ಉಪಯೋಗ ಆಗುತ್ತದೆ.

ಅವಳು ಸಣ್ಣವಳಿದ್ದಾಗಲೇ ಅಪ್ಪ ಸಾಲದ ಗಲಾಟೆಯಲ್ಲಿ ದೇಶ ಬಿಟ್ಟು ಓಡಬೇಕಾಯಿತು. ಲ ನೋರ್ಮಾಂ ದ ತೂರ್ನೆಮ್ ಎಂಬ ಒಬ್ಬ ಶ್ರೀಮಂತ ಗುತ್ತಿಗೆದಾರ ಅವಳ ವಿದ್ಯಾಭ್ಯಾಸದ ಖರ್ಚು ನೋಡಿಕೊಂಡ. ಹಾಡು, ನಾಟಕ, ಚಿತ್ರ ಎಲ್ಲ ಕಲಿಸಿದ. 1741ರಲ್ಲಿ ತನ್ನ ಸೋದರನ ಮಗನಿಗೇ ಮದುವೆ ಮಾಡಿಸಿದ. ಒಂಬತ್ತು ವರ್ಷದವಳಿದ್ದಾಗ ಒಬ್ಬಳು ಭವಿಷ್ಯ ಹೇಳುವವಳು 'ನೀನು ರಾಜನ ಮನಸ್ಸು ಗೆಲ್ಲುತ್ತೀ' ಅಂದಿದ್ದಳಂತೆ. ಅಂತೆ ಕಂತೆ ಅಂತ ಬಿಡುವ ಹಾಗಿಲ್ಲ, ಯಾಕೆಂದರೆ ಪೊಂಪದೂರ್ ಮುಂದೆ ಆ ಹೆಂಗಸಿಗೆ 600 ಲೀವ್ರ್ (ಆಗಿನ ಫ್ರೆಂಚ್ ಹಣ) ಪಿಂಚಣಿ ಕೊಟ್ಟದ್ದು ಅವಳ ಖರ್ಚಿನ ಲೆಕ್ಕದಲ್ಲೇ ಉಂಟು. ಮಕ್ಕಳಿಗೆ ಇದನ್ನು ಹೇಳುವಾಗ ನಾನು ಭವಿಷ್ಯದ ಕಡೆ ಹೋಗುವುದಿಲ್ಲ, ಲೆಕ್ಕದ ಪುಸ್ತಕದ ಕಡೆ ಹೋಗುತ್ತೇನೆ. ಅವಳು ಖರ್ಚು ಬರೆದಿಡುವ ಮನೆಯಲ್ಲಿ ಬೆಳೆದವಳು.

ಭೇಟಿಯ ದೃಶ್ಯ ಎಲ್ಲರಿಗೂ ಇಷ್ಟ. 1745ರ ಫೆಬ್ರವರಿ, ಯುವರಾಜನ ಮದುವೆಯ ಸಂಭ್ರಮ, ವರ್ಸಾಯ್‌ನಲ್ಲಿ ಮುಖವಾಡದ ನೃತ್ಯ. ರಾಜ ಮತ್ತು ಅವನ ಜೊತೆಗಾರರು ಅರಮನೆಯ ತೋಟದಲ್ಲಿ ಕತ್ತರಿಸಿ ಆಕಾರ ಕೊಟ್ಟ ಯೂ ಮರಗಳ ಹಾಗೆ ವೇಷ ಹಾಕಿದ್ದರು. ಎಲ್ಲರೂ ಒಂದೇ ತರಹ. ಯಾರು ರಾಜ ಅಂತ ಗೊತ್ತಾಗಬಾರದು. ದಸರಾ ಸಮಯದ ಹುಲಿವೇಷ ನೆನಪಿಸಿ. ಬಣ್ಣ ಬಳಿದ ಮೇಲೆ ತಂಡದಲ್ಲಿ ನಮ್ಮ ಮನೆಯ ಹುಡುಗ ಯಾವುದು ಅಂತ ಅಮ್ಮನೇ ಹುಡುಕಬೇಕಾಗುತ್ತದೆ, ಅಲ್ವಾ? ಇದಕ್ಕೆ ಮೂರು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಇಲ್ಲೇ ನಿಂತರೆ ಕಥೆ ಇಲ್ಲೇ ಮುಗಿಯುತ್ತದೆ. ಆ ಬೇಸಿಗೆಯಲ್ಲಿ ರಾಜ ಪೊಂಪದೂರ್ ಎಂಬ ಜಹಗೀರು ಕೊಂಡು ಅವಳಿಗೆ ಕೊಟ್ಟ. ಅವಳ ಹೊಸ ಹೆಸರು ಅಲ್ಲಿಂದ ಬಂತು.

ಹಳೆಯ ಹೆಸರು ಮಾತ್ರ ಅವಳನ್ನು ಬಿಡಲಿಲ್ಲ. ಪ್ವಾಸೋಂ ಅಂದರೆ ಮೀನು. ಪ್ಯಾರಿಸಿನ ಬೀದಿಗಳಲ್ಲಿ ಅವಳ ಮೇಲೆ ಕಟ್ಟಿದ ಕೊಳಕು ಪದ್ಯಗಳಿಗೆ 'ಪ್ವಾಸೊನಾದ್' ಅಂತಲೇ ಹೆಸರು ಬಿತ್ತು. ನಾನು ಇದನ್ನು ಮೊದಲ ಸಲ ಹೇಳಿದಾಗ ಮೀನುಗಾರರ ಊರು ಬೆಂಗ್ರೆಯ ಒಬ್ಬ ಹುಡುಗ ಎದ್ದು "ಮೀನು ಅಂದ್ರೆ ಬೈಗುಳ ಹೇಗೆ ಆಗ್ತದೆ ಮೇಡಂ?" ಅಂದ. ಅವನ ಪ್ರಶ್ನೆ ನ್ಯಾಯದ್ದು. ದಕ್ಕೆಯಲ್ಲಿ ಬೆಳಿಗ್ಗೆ ಬುಟ್ಟಿ ಹೊತ್ತು ನಿಲ್ಲುವ ಹೆಂಗಸರ ದುಡಿಮೆಯಿಂದ ಓದಿ ಬಂದ ಮಕ್ಕಳು ನಮ್ಮ ಎದುರು ಕೂತಿರುತ್ತಾರೆ. ಅವರಿಗೆ ಉತ್ತರ ಕೊಡದೆ ಮುಂದೆ ಹೋಗಬಾರದು. ಪ್ಯಾರಿಸ್ ಮಾರುಕಟ್ಟೆಯ ಮೀನು ಮಾರುವ ಹೆಂಗಸರು ಜೋರು ಬಾಯಿಯವರು ಅಂತ ಹೆಸರಾಗಿದ್ದರು. 'ನೀನು ಅವರ ಜಾತಿಯವಳು, ಇಲ್ಲಿ ನಿನಗೇನು ಕೆಲಸ' ಅಂತ ಅರಮನೆಯ ದೊಡ್ಡವರು ಹೇಳಿದ ಹಾಗೆ ಅದು. ಬೀದಿಯ ಪದ್ಯಗಳೆಲ್ಲ ಬೀದಿಯಲ್ಲೇ ಹುಟ್ಟಿದ್ದಲ್ಲ, ಎಷ್ಟೋ ಅರಮನೆಯ ಒಳಗಿಂದಲೇ ಹೊರಟವು. ನೌಕಾಪಡೆಯ ಮಂತ್ರಿ ಮೋರೆಪಾ ಇಂಥ ಪದ್ಯಗಳ ಕಾರಣಕ್ಕೆ 1749ರ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಂಡ. ಆ ಹುಡುಗ ಕೇಳಿದ್ದು ನನಗೆ ತುಂಬ ಒಳ್ಳೆಯದಾಯಿತು. ಅವಳನ್ನು ದ್ವೇಷಿಸಲು ಅವಳ ನಡತೆಗಿಂತ ಅವಳ ಹುಟ್ಟು ದೊಡ್ಡ ಕಾರಣವಾಗಿತ್ತು ಅಂತ ತರಗತಿಗೆ ಅವನಿಂದಲೇ ಅರ್ಥವಾಯಿತು.

ಈಗ ಚಿತ್ರ ತೆಗೆಯಿರಿ. ಪೊಂಪದೂರ್‌ಳ ಚಿತ್ರಗಳು ಬೇಕಾದಷ್ಟು ಉಂಟು. ನಿಮಗೆ ಬೇಕಾದದ್ದು ಮೊರಿಸ್ ಕ್ವಾಂತಾ ದ ಲಾ ತೂರ್ ಮಾಡಿದ್ದು, ಈಗ ಲೂವ್ರ್ ಮ್ಯೂಸಿಯಂನಲ್ಲಿ ಇರುವುದು. ಹಂಪನಕಟ್ಟೆಯ ಕಡೆ ಯಾವುದಾದರೂ ಝೆರಾಕ್ಸ್ ಅಂಗಡಿಯಲ್ಲಿ ಎ3 ಸೈಜಿನಲ್ಲಿ ಕಲರ್ ಪ್ರಿಂಟ್ ತೆಗೆಸಿ. ಒಂದು ಬೆಂಚಿಗೆ ಒಂದು ಇದ್ದರೆ ಒಳ್ಳೆಯದು. ಪ್ರೊಜೆಕ್ಟರ್‌ನಲ್ಲಿ ತೋರಿಸಿದರೆ ಪುಸ್ತಕಗಳ ಬೆನ್ನಿನ ಮೇಲಿನ ಅಕ್ಷರ ಕಾಣುವುದಿಲ್ಲ, ಈ ಚಿತ್ರದಲ್ಲಿ ಅದೇ ಮುಖ್ಯ.

ಐದು ನಿಮಿಷ ಸುಮ್ನೆ ನೋಡಲು ಬಿಡಿ. ನೀವು ಮಾತಾಡಬೇಡಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಏನು ಇಲ್ಲ? ಯಾರಾದರೂ ಹುಡುಗಿ ಹೇಳಿಯೇ ಹೇಳುತ್ತಾಳೆ, ಒಡವೆ ಇಲ್ಲ ಅಂತ. ಹೌದು, ಕತ್ತಿನಲ್ಲಿ ಒಂದು ಸರ ಕೂಡ ಇಲ್ಲ. ಕೂದಲು ಸರಳವಾಗಿ ಹಿಂದಕ್ಕೆ ಬಾಚಿದೆ. ಕೈಯಲ್ಲಿ ಸಂಗೀತದ ಹಾಳೆಗಳು. ಪಕ್ಕದ ಮೇಜಿನ ಮೇಲೆ ಒಂದು ಗೋಳ, ಸಾಲಾಗಿ ಪುಸ್ತಕಗಳು. ಹೆಸರು ಓದಿಸಿ. ವೊಲ್ಟೇರನ 'ಆಂರಿಯಾದ್'. ಮೊಂತೆಸ್ಕ್ಯೂನ ಕಾನೂನಿನ ಪುಸ್ತಕ, ನಮ್ಮ ರಾಜ್ಯಶಾಸ್ತ್ರದ ಮಕ್ಕಳು ಅಧಿಕಾರ ವಿಭಜನೆ ಅಂತ ಓದುತ್ತಾರಲ್ಲ, ಅದೇ. ದಪ್ಪಗೆ ಕಾಣುವುದು ದಿದರೋ ಮತ್ತು ದಲಾಂಬೇರ್‌ರ ವಿಶ್ವಕೋಶದ ನಾಲ್ಕನೇ ಸಂಪುಟ. ಮೇಜಿನ ಅಂಚಿನಿಂದ ಒಂದು ಮುದ್ರಿತ ಹಾಳೆ ಕೆಳಗೆ ಇಳಿಬಿದ್ದಿದೆ. ಅದರಲ್ಲಿ ಕೆತ್ತಿದವಳು ಪೊಂಪದೂರ್ ಅಂತ ಲ್ಯಾಟಿನ್‌ನಲ್ಲಿ ಬರೆದಿದೆ. ಅವಳು ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವುದನ್ನು ಕಲಿತಿದ್ದಳು, ಐವತ್ತಕ್ಕೂ ಹೆಚ್ಚು ಮಾಡಿದಳು.

ಆ ವಿಶ್ವಕೋಶದ ಸಂಗತಿ ಬಿಡಿಸಿ ಹೇಳಬೇಕು. ಮೊದಲ ಸಂಪುಟ ಬಂದದ್ದು 1751ರಲ್ಲಿ. 1752ರಲ್ಲೇ ರಾಜನ ಆಜ್ಞೆಯಿಂದ ಮೊದಲ ಎರಡು ಸಂಪುಟಗಳಿಗೆ ತಡೆ ಬಿತ್ತು. ಈ ಚಿತ್ರವನ್ನು ಪ್ಯಾರಿಸಿನಲ್ಲಿ ಜನರ ಎದುರು ಇಟ್ಟದ್ದು 1755ರಲ್ಲಿ. ಅಂದರೆ ರಾಜನೇ ತಡೆದಿದ್ದ ಪುಸ್ತಕದ ಮುಂದಿನ ಸಂಪುಟವನ್ನು ರಾಜನ ಪ್ರೇಯಸಿ ತನ್ನ ಮೇಜಿನ ಮೇಲೆ ಇಟ್ಟುಕೊಂಡು ಇಡೀ ಊರಿಗೆ ತೋರಿಸುತ್ತಿದ್ದಾಳೆ. ಭಾಷಣ ಇಲ್ಲ, ಪತ್ರ ಇಲ್ಲ, ಪುಸ್ತಕದ ಬೆನ್ನು ಮಾತ್ರ. ಇದು ಬಣ್ಣದ ಸೀಮೆಸುಣ್ಣದಂಥ ಪುಡಿಯಲ್ಲಿ, ಹಾಳೆಗಳನ್ನು ಜೋಡಿಸಿ ಮಾಡಿದ ಚಿತ್ರ, ಎತ್ತರ ಸುಮಾರು 177 ಸೆಂಟಿಮೀಟರ್. ನಾನು ಬೋರ್ಡಿನ ಪಕ್ಕದ ಗೋಡೆಯಲ್ಲಿ ಅಷ್ಟು ಎತ್ತರಕ್ಕೆ ಚಾಕ್‌ನಿಂದ ಗೆರೆ ಎಳೆಯುತ್ತಿದ್ದೆ. ಆಳೆತ್ತರ ಅಂತ ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ಉಳ್ಳಾಲದ ಹುಡುಗಿಯ ಪ್ರಶ್ನೆಗೆ ಹೋಗಿ. ಇಡೀ ದಿನ ಎಂತ ಮಾಡ್ತಿದ್ರು?

ಮೊದಲು ರಾಜನನ್ನು ಅರ್ಥ ಮಾಡಿಸಿ. ಹದಿನೈದನೇ ಲೂಯಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರು. ಐದನೇ ವಯಸ್ಸಿಗೆ ಪಟ್ಟ. ದೊಡ್ಡವನಾದ ಮೇಲೂ ಸಂಕೋಚದ ಮನುಷ್ಯ. ಹೊಸ ಮುಖ ಕಂಡರೆ ಆಗದು, ಬೇಗ ಬೇಜಾರು. ಪೊಂಪದೂರ್ ಅವನಿಗೆ ಒಂದು ಸಣ್ಣ ಮನೆಯ ವಾತಾವರಣ ಮಾಡಿಕೊಟ್ಟಳು. ಅವಳ ಮೊದಲ ಕೋಣೆಗಳು ರಾಜನ ಕೋಣೆಗಳ ಮೇಲಿನ ಅಟ್ಟದಲ್ಲಿ, ಮಧ್ಯೆ ಒಂದು ಒಳಮೆಟ್ಟಿಲು. ಅಲ್ಲಿ ಕೆಲವೇ ಜನರ ರಾತ್ರಿ ಊಟ. 1747ರ ಜನವರಿಯಿಂದ ಅರಮನೆಯ ಒಳಗೇ ಒಂದು ಪುಟ್ಟ ನಾಟಕಶಾಲೆ. ಅಲ್ಲಿ ನಟಿಸುತ್ತಿದ್ದವರು ದೊಡ್ಡ ಮನೆತನದವರೇ, ಹಾಡಿ ಕುಣಿದು ನಾಯಕಿಯಾಗುತ್ತಿದ್ದವಳು ಪೊಂಪದೂರ್. ನೋಡಲು ಕರೆ ಬಂದರೆ ಅದೇ ದೊಡ್ಡ ಮರ್ಯಾದೆ. ಅಧಿಕಾರ ಹೇಗೆ ಹುಟ್ಟುತ್ತದೆ ಅಂತ ಮಕ್ಕಳೇ ಹೇಳುತ್ತಾರೆ. ರಾಜನನ್ನು ಕಾಣಬೇಕಾದರೆ ಅವಳ ಬಾಗಿಲು ದಾಟಬೇಕು. ಮಂತ್ರಿಗಳು ಕಾಗದ ಹಿಡಿದು ಅಲ್ಲಿಗೆ ಬಂದರು. ಕೆಲಸ ಕೇಳುವವರು ಬಂದರು. ಅವಳು ಹಗಲಿಡೀ ಪತ್ರ ಬರೆದಳು.

ತಮ್ಮ ಆಬೆಲ್‌ನನ್ನು 1749ರಲ್ಲಿ ಇಟಲಿಗೆ ಕಳಿಸಿ ಕಟ್ಟಡ ಮತ್ತು ಕಲೆ ನೋಡಿ ಕಲಿಸಿದಳು. 1751ರಲ್ಲಿ ಅವನು ರಾಜನ ಕಟ್ಟಡಗಳ ನಿರ್ದೇಶಕನಾದ. ಇದು ಸ್ವಜನಪಕ್ಷಪಾತವೇ. ಆದರೆ ಕೆಲಸಕ್ಕೆ ಕೂರಿಸುವ ಮೊದಲು ತಮ್ಮನನ್ನು ಎರಡು ವರ್ಷ ಓದಲು ಕಳಿಸಿದ್ದನ್ನೂ ಹೇಳಿ. ಅವನು ಆ ಕೆಲಸವನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಚೆನ್ನಾಗಿ ಮಾಡಿದ.

ಅವಳ ಕೆಲಸಗಳೆಲ್ಲವನ್ನೂ ಒಂದೇ ಗಂಟೆಯಲ್ಲಿ ತುಂಬಬೇಡಿ. ಎರಡನ್ನು ಆರಿಸಿ. ನಾನು ಆರಿಸುವುದು ಪಿಂಗಾಣಿ ಮತ್ತು ಡಾಕ್ಟರು.

ಪಿಂಗಾಣಿಗೆ ತರಗತಿಗೆ ಒಂದು ಹಳೆಯ ಹಂಚು ತನ್ನಿ. ಮಂಗಳೂರು ಹಂಚು, ಮೇಲೆ ಕಾರ್ಖಾನೆಯ ಹೆಸರು ಒತ್ತಿದ್ದು. ನಾನು ತರುತ್ತಿದ್ದದ್ದು ನಮ್ಮ ತಾಯಿ ಮನೆಯ ಕೊಟ್ಟಿಗೆ ಬಿಚ್ಚಿದಾಗ ಸಿಕ್ಕಿದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಊರಿನ ಹೆಸರು ಮಣ್ಣಿನ ಮೇಲೆ ಕೂತು ಸಮುದ್ರ ದಾಟಿತು. ಹಾಗೆಯೇ ಸೆವ್ರ್ ಎಂಬ ಊರಿನ ಹೆಸರು. ಮೊದಲು ವ್ಯಾಂಸೆನ್‌ನಲ್ಲಿ ಇದ್ದ ಪಿಂಗಾಣಿ ಕಾರ್ಖಾನೆ 1756ರಲ್ಲಿ ಸೆವ್ರ್‌ಗೆ ಬಂತು. ಅದು ಪ್ಯಾರಿಸಿಗೂ ವರ್ಸಾಯ್‌ಗೂ ನಡುವೆ, ಪೊಂಪದೂರ್‌ಳ ಬೆಲ್‌ವ್ಯೂ ಮನೆಯ ಹತ್ತಿರ. ಕಾರ್ಖಾನೆ ಸಾಲದಲ್ಲಿ ಮುಳುಗಿದಾಗ 1759ರಲ್ಲಿ ರಾಜನೇ ಕೊಂಡುಕೊಂಡ. ವರ್ಷದ ಕೊನೆಗೆ ಅರಮನೆಯ ಕೋಣೆಗಳಲ್ಲೇ ಪಿಂಗಾಣಿ ಮಾರಾಟ ನಡೆಯುತ್ತಿತ್ತು. ರಾಜ ತಾನೇ ನಿಂತು ಆಸ್ಥಾನಿಕರಿಗೆ ಮಾರುತ್ತಿದ್ದ. ರಾಜ ಬೆಲೆ ಹೇಳಿದರೆ ಬೇಡ ಅನ್ನುವವರು ಯಾರು? ಜರ್ಮನಿಯ ಮೈಸೆನ್ ಪಿಂಗಾಣಿಗೆ ಹೋಗುತ್ತಿದ್ದ ಹಣ ದೇಶದಲ್ಲೇ ಉಳಿಯಲಿ ಅನ್ನುವುದು ಅದರ ಹಿಂದಿನ ಲೆಕ್ಕ. ಪಾತ್ರೆಯ ತಳದಲ್ಲಿ ಎರಡು ಎಲ್ ಅಕ್ಷರ ಒಂದಕ್ಕೊಂದು ಹೆಣೆದ ಗುರುತು ಇರುತ್ತಿತ್ತು, ಒಳಗೆ ವರ್ಷ ತಿಳಿಸುವ ಅಕ್ಷರ. ಹಂಚನ್ನು ಕೈಯಿಂದ ಕೈಗೆ ದಾಟಿಸಿ, ಒತ್ತಿದ ಅಕ್ಷರಗಳ ಮೇಲೆ ಬೆರಳು ಆಡಿಸಲು ಹೇಳಿ. ಆ ಕಾರ್ಖಾನೆ ಈಗಲೂ ಸೆವ್ರ್‌ನಲ್ಲಿ ನಡೆಯುತ್ತಿದೆ.

ಡಾಕ್ಟರು ಅಂದರೆ ಫ್ರಾಂಸ್ವಾ ಕೆನೆ. ಅರ್ಥಶಾಸ್ತ್ರದ ಮಕ್ಕಳು ಇದ್ದರೆ ಹೆಸರು ಕೇಳಿದ ಕೂಡಲೇ ಮುಖ ಎತ್ತುತ್ತಾರೆ. 1758ರ 'ಆರ್ಥಿಕ ಕೋಷ್ಟಕ' ಅವನದ್ದೇ. ಆದರೆ ಅವನು ಪೊಂಪದೂರ್‌ಳ ವೈದ್ಯನಾಗಿದ್ದ ಅಂತ ಅರ್ಥಶಾಸ್ತ್ರದ ಪಾಠದಲ್ಲಿ ಯಾರೂ ಹೇಳಿರುವುದಿಲ್ಲ. ಅರಮನೆಯಲ್ಲಿ ಅವಳ ಕೋಣೆಗಳ ಪಕ್ಕ ಅವನಿಗೊಂದು ತಗ್ಗಿನ ಮಾಡಿನ ಕೋಣೆ. ದಿದರೋ, ದಲಾಂಬೇರ್ ಅಲ್ಲಿಗೆ ಊಟಕ್ಕೆ ಬರುತ್ತಿದ್ದರು. ದೇಶದ ಸಂಪತ್ತು ಭೂಮಿಯಿಂದ ಬರುತ್ತದೆ, ತೆರಿಗೆ ಹೇಗಿರಬೇಕು ಅನ್ನುವ ಚರ್ಚೆ ಅಲ್ಲಿ. ಆಡಂ ಸ್ಮಿತ್ ಕೂಡ ಮುಂದೆ ಪ್ಯಾರಿಸಿಗೆ ಬಂದಾಗ ಕೆನೆಯನ್ನು ಕಂಡ. ತೆರಿಗೆ ಗುತ್ತಿಗೆದಾರರ ಮನೆಯಲ್ಲಿ ಬೆಳೆದವಳು ತೆರಿಗೆ ಪದ್ಧತಿಯನ್ನೇ ಪ್ರಶ್ನಿಸುವವನಿಗೆ ಮನೆ ಕೊಟ್ಟಿದ್ದಳು. ನನಗೆ ಅವಳ ಬಗ್ಗೆ ಗೌರವ ಹುಟ್ಟಿದ್ದು ಇಲ್ಲಿ.

ಈ ಕೆನೆ ಬರುವ ಇನ್ನೊಂದು ಸಂದರ್ಭವನ್ನು ಮೆಲ್ಲ ಹೇಳಿ. ಪೊಂಪದೂರ್‌ಳ ಸೇವಕಿ ಮದಾಂ ದು ಓಸೆ ಬರೆದಿಟ್ಟ ನೆನಪುಗಳಲ್ಲಿ ಇದೆ. ರಾಜನ ಆಸೆ ತನ್ನ ಮೇಲೆ ಕಡಿಮೆಯಾಗುತ್ತಿದೆ ಅಂತ ಹೆದರಿ ಪೊಂಪದೂರ್ ಮೈ ಬಿಸಿ ಮಾಡುವ ತಿನಿಸು ತಿನ್ನಲು ಶುರು ಮಾಡಿದಳು. ಜಾಸ್ತಿ ವೆನಿಲಾ ಹಾಕಿದ ಚಾಕೊಲೇಟ್, ಸೆಲರಿ ಸಾರು, ಟ್ರಫಲ್ ಅಣಬೆ. ಆರೋಗ್ಯ ಕೆಟ್ಟಿತು. ಕೆನೆ ಅದನ್ನೆಲ್ಲ ಬಿಡು, ನಡೆ, ಮೈಗೆ ವ್ಯಾಯಾಮ ಕೊಡು ಅಂದ. ಇಪ್ಪತ್ತೆಂಟು ಮೂವತ್ತರ ಒಂದು ಹೆಣ್ಣು ಕೆಲಸ ಹೋಗುತ್ತದೆ ಅಂತ ಹೆದರಿ ತನ್ನ ಮೈಗೆ ಮಾಡಿಕೊಂಡದ್ದು ಅದು. ನಾನು ಇದನ್ನು ಹೇಳುವಾಗ ತರಗತಿಯಲ್ಲಿ ಯಾರೂ ನಕ್ಕದ್ದು ನೆನಪಿಲ್ಲ. ಕೊನೆಗೆ ಅವಳೇ ಸಂಬಂಧದ ಹೆಸರು ಬದಲಿಸಿದಳು. ಶಿಲ್ಪಿ ಪಿಗಾಲ್‌ನಿಂದ ತನ್ನದೇ ಮುಖದ ಒಂದು ಅಮೃತಶಿಲೆಯ ಮೂರ್ತಿ ಮಾಡಿಸಿ ಬೆಲ್‌ವ್ಯೂ ತೋಟದಲ್ಲಿ ನಿಲ್ಲಿಸಿದಳು. ಆ ಮೂರ್ತಿಯ ಹೆಸರು 'ಸ್ನೇಹ'.

ಬೋರ್ಡಿನ ಮೇಲಿನ 14ಕ್ಕೆ ಈಗ ಸುತ್ತು ಹಾಕಿ.

ಇಷ್ಟರಲ್ಲಿ ಮಕ್ಕಳು ಪೂರ್ತಿ ಅವಳ ಕಡೆ ಆಗಿರುತ್ತಾರೆ. ಅಲ್ಲಿಗೇ ಬಿಟ್ಟರೆ ಪಾಠ ಸುಳ್ಳಾಗುತ್ತದೆ. ನಮ್ಮ ಕಡೆಯ ತಾಳಮದ್ದಳೆ ಇಲ್ಲಿ ಬಹಳ ಉಪಕಾರಿ. ಒಳ್ಳೆಯ ಅರ್ಥಧಾರಿ ಇವತ್ತು ಕೈಕೇಯಿಯ ಪರ ಮಾತಾಡಿದರೆ ಅವಳದ್ದೇ ಸರಿ ಅನ್ನಿಸುತ್ತದೆ, ನಾಳೆ ಭರತನಾಗಿ ಅದನ್ನೇ ಮುರಿಯುತ್ತಾನೆ. ಮೂರು ಮಕ್ಕಳನ್ನು ಎದುರು ಕೂರಿಸಿ. ಒಬ್ಬರು ಪೊಂಪದೂರ್. ಒಬ್ಬರು ರಾಣಿ ಮಾರಿ ಲೆಕ್‌ಜಿನ್ಸ್ಕಾ, ಹತ್ತು ಮಕ್ಕಳನ್ನು ಹೆತ್ತವಳು. ಇನ್ನೊಬ್ಬರು ಉಪ್ಪಿಗೆ ತೆರಿಗೆ ಕಟ್ಟುವ ಒಬ್ಬ ರೈತ. ಒಬ್ಬೊಬ್ಬರಿಗೆ ಎರಡು ನಿಮಿಷ. ರಾಣಿಯ ಪಾತ್ರದವರಿಗೆ ಮೊದಲೇ ಒಂದು ಚೀಟಿ ಕೊಡಿ: ಪೊಂಪದೂರ್ ರಾಣಿಗೆ ಹಿಂದಿನ ಪ್ರೇಯಸಿಯರು ತೋರಿಸದ ಮರ್ಯಾದೆ ತೋರಿಸಿದಳು, ರಾಣಿಯ ಸಾಲ ತೀರಿಸಲು ರಾಜನಿಗೆ ಹೇಳಿದಳು, ಆದರೂ ರಾಣಿ ರಾಣಿಯೇ. ರೈತನ ಪಾತ್ರಕ್ಕೆ ಚೀಟಿ ಬೇಡ. ಮಕ್ಕಳಿಗೆ ಬಾಯಿಗೆ ಬರುತ್ತದೆ.

ಇನ್ನೊಂದು ಸಂಗತಿಯನ್ನು ಮೇಷ್ಟ್ರೇ ಹೇಳಬೇಕು, ಮಕ್ಕಳಿಗೆ ಬಿಡಬಾರದು. ಸಂಬಂಧ ಮುಗಿದ ಮೇಲೆ ರಾಜ ವರ್ಸಾಯ್ ಊರಿನ ಒಂದು ಮನೆಯಲ್ಲಿ ಬಡ ಮನೆಗಳ ಚಿಕ್ಕ ವಯಸ್ಸಿನ ಹುಡುಗಿಯರನ್ನು ಇಟ್ಟುಕೊಳ್ಳುತ್ತಿದ್ದ. ಪೊಂಪದೂರ್‌ಗೆ ಅದು ಗೊತ್ತಿತ್ತು. ಅವರಲ್ಲಿ ಒಬ್ಬಳ ಹೆರಿಗೆಗೆ ತನ್ನ ಸೇವಕಿಯನ್ನೇ ಕಳಿಸಿದ್ದಳು. ಅವಳು ತಡೆಯಲಿಲ್ಲ. ತನ್ನ ಜಾಗಕ್ಕೆ ಅಪಾಯ ಇಲ್ಲದ ಹುಡುಗಿಯರು ಅಂತ ಸುಮ್ಮನಿದ್ದಳು. ನಾನು ಅವಳ ಬಗ್ಗೆ ಎಷ್ಟೇ ಓದಿದರೂ ಇದನ್ನು ಮಾಫಿ ಮಾಡಲು ನನ್ನಿಂದ ಆಗಿಲ್ಲ, ಮಕ್ಕಳ ಎದುರು ಹಾಗೆಯೇ ಹೇಳುತ್ತೇನೆ.

ಯುದ್ಧಕ್ಕೆ ಗೋಡೆಯ ಮೇಲೆ ಭಾರತದ ನಕ್ಷೆ ಬೇಕು, ಫ್ರಾನ್ಸಿನದ್ದಲ್ಲ. 1755ರಲ್ಲಿ ಆಸ್ಟ್ರಿಯಾದ ರಾಯಭಾರಿಯ ಗುಟ್ಟಿನ ಮಾತುಕತೆ ಶುರುವಾದದ್ದು ಪೊಂಪದೂರ್‌ಳ ಬೆಲ್‌ವ್ಯೂ ಮನೆಯ ತೋಟದ ಹತ್ತಿರ. 1756ರ ಮೇ 1ರಂದು ಒಪ್ಪಂದ ಆಯಿತು. ಇನ್ನೂರು ವರ್ಷ ಶತ್ರುಗಳಾಗಿದ್ದ ಫ್ರಾನ್ಸ್ ಮತ್ತು ಆಸ್ಟ್ರಿಯಾ ಮಿತ್ರರಾದರು. ಮುಂದೆ ಪ್ರಷ್ಯಾ ಮತ್ತು ಇಂಗ್ಲಿಷರ ಎದುರು ಏಳು ವರ್ಷದ ಯುದ್ಧ. 1757ರ ನವೆಂಬರ್ 5ರಂದು ರಾಸ್‌ಬಾಖ್‌ನಲ್ಲಿ ತನಗಿಂತ ಸಣ್ಣ ಪ್ರಷ್ಯನ್ ಸೈನ್ಯದ ಎದುರು ಫ್ರೆಂಚರು ಸೋತರು. ದಳಪತಿ ಸೂಬೀಸ್ ಅವಳ ಕಡೆಯವನು. ಕೆನಡಾ ಹೋಯಿತು. ಈಗ ನಕ್ಷೆಯಲ್ಲಿ ಮಾಹೆ ತೋರಿಸಿ. ಮಂಗಳೂರು ಸೆಂಟ್ರಲ್‌ನಿಂದ ದಕ್ಷಿಣಕ್ಕೆ ರೈಲು ಹತ್ತಿದವರಿಗೆಲ್ಲ ಆ ಸ್ಟೇಷನ್ ಗೊತ್ತು. ಅದು ಆಗ ಫ್ರೆಂಚರದ್ದು. 1761ರ ಜನವರಿಯಲ್ಲಿ ಪಾಂಡಿಚೇರಿ, ಮುಂದಿನ ತಿಂಗಳು ಮಾಹೆ, ಎರಡೂ ಇಂಗ್ಲಿಷರ ಕೈಗೆ ಬಿದ್ದವು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಹಿಂದೆ ಸಿಕ್ಕಿದರೂ ಫ್ರೆಂಚರ ಬಲ ಮುರಿದಿತ್ತು. ಅದೇ 1763ರಲ್ಲಿ ಹೈದರಾಲಿ ಬಿದನೂರು ಗೆದ್ದು ನಮ್ಮ ಕರಾವಳಿಗೆ ಇಳಿದ. ಪೊಂಪದೂರ್ ಕಾಲ ಅಂದರೆ ಯಾವ ಕಾಲ ಅಂತ ಮಕ್ಕಳಿಗೆ ಇದರಿಂದ ಗಟ್ಟಿಯಾಗುತ್ತದೆ. ಆದರೆ ಸೋಲೆಲ್ಲ ಅವಳ ತಲೆಗೆ ಕಟ್ಟಬೇಡಿ. ಸಹಿ ರಾಜನದ್ದು, ಮಂತ್ರಿಗಳು ಇದ್ದರು, ಖಜಾನೆ ಮೊದಲೇ ಸೊರಗಿತ್ತು. ಸೂಬೀಸ್‌ನ ಪರ ಅವಳು ಹಟ ಹಿಡಿದದ್ದು ತಪ್ಪು. ಅದನ್ನು ಅಷ್ಟೇ ಹೇಳಿ.

ಸಮಯ ಇದ್ದರೆ 1757ರ ಜನವರಿಯ ಕಥೆ ಓದಿಸಿ. ಇದು ಮೂರು ದನಿಗಳಲ್ಲಿ ಚೆನ್ನಾಗಿ ಬರುತ್ತದೆ. ಜನವರಿ 5ರ ಚಳಿಯ ಸಂಜೆ ದಾಮಿಯಾಂ ಎಂಬವನು ಗಾಡಿ ಹತ್ತಲು ಹೊರಟ ರಾಜನಿಗೆ ಸಣ್ಣ ಚೂರಿಯಿಂದ ತಿವಿದ. ದಪ್ಪ ಬಟ್ಟೆ ಇದ್ದದ್ದರಿಂದ ಗಾಯ ಆಳವಾಗಲಿಲ್ಲ. ಆದರೆ ರಾಜ ಸಾಯುತ್ತೇನೆ ಅಂತ ಪಾದ್ರಿಯನ್ನು ಕರೆಸಿದ, ರಾಣಿಯ ಕ್ಷಮೆ ಕೇಳಿದ. ಪೊಂಪದೂರ್‌ಗೆ ಒಂದು ಮಾತೂ ಹೇಳಿ ಕಳಿಸಲಿಲ್ಲ. ದಿನಗಳು ಹೋದವು. ಅವಳೇ ಮೇಲೆ ತಂದಿದ್ದ ಮಂತ್ರಿ ಮಾಶೋ ಬಂದು ಅರಮನೆ ಬಿಟ್ಟು ಹೋಗುವುದು ಒಳ್ಳೆಯದು ಅಂದ. ಪೆಟ್ಟಿಗೆ ಕಟ್ಟಲು ಶುರುವಾಯಿತು. ಆಗ ಗೆಳತಿ ಮದಾಂ ದ ಮಿರ್‌ಪ್ವಾ ಒಳಗೆ ಬಂದು ಪೆಟ್ಟಿಗೆಗಳನ್ನು ನೋಡಿ ಏನಿದು ಅಂತ ಕೇಳಿದಳು. ಆಟ ಬಿಟ್ಟು ಎದ್ದವರು ಸೋತ ಹಾಗೆ ಅಂದಳು. ಪೊಂಪದೂರ್ ಉಳಿದಳು. ರಾಜ ಮತ್ತೆ ಆ ಬಾಗಿಲಿಗೆ ಬಂದ. ಫೆಬ್ರವರಿ 1ರಂದು ಮಾಶೋ ಮತ್ತು ಯುದ್ಧಮಂತ್ರಿ ದಾರ್ಜಾಂಸೋಂ ಇಬ್ಬರೂ ಮನೆಗೆ ಹೋದರು. ಪೆಟ್ಟಿಗೆ ಕಟ್ಟುವ ಸೇವಕಿಯಾಗಿ ಒಬ್ಬ ಹುಡುಗಿಯನ್ನು ನಿಲ್ಲಿಸಿ. ಅವಳಿಗೆ ಮಾತಿಲ್ಲ. ಈ ಕಥೆ ನಮಗೆ ಸಿಕ್ಕಿದ್ದೇ ಅಂಥ ಸೇವಕಿಯಿಂದ.

ಮೊಬೈಲಿನಲ್ಲಿ ನೋಡಿಕೊಂಡು ಬಂದವರು ಕೆಲವು ಕಥೆ ಹೇಳುತ್ತಾರೆ. ಶಾಂಪೇನ್ ಲೋಟದ ಅಗಲ ಬಟ್ಟಲು ಅವಳ ಎದೆಯ ಅಚ್ಚು ಅಂತ ಒಂದು. ಆ ಆಕಾರದ ಲೋಟ ಅವಳು ಹುಟ್ಟುವ ಮೊದಲೇ ಇತ್ತು. ಮುಂದೆ ಎತ್ತರಕ್ಕೆ ಉಬ್ಬಿಸಿದ ಕೂದಲಿಗೆ ಅವಳ ಹೆಸರು ಅಂತ ಇನ್ನೊಂದು. ಹೆಸರು ಹೌದು, ಆದರೆ ಅವಳ ಚಿತ್ರಗಳಲ್ಲಿ ಕೂದಲು ತಲೆಗೆ ಅಂಟಿಕೊಂಡ ಹಾಗೆ ಇದೆ. ಕೈಯಲ್ಲಿ ಪ್ರಿಂಟ್ ಇದೆಯಲ್ಲ, ಅವರೇ ನೋಡಲಿ. ಬೈಯಬೇಡಿ. ಇದನ್ನು ಯಾರು, ಯಾವಾಗ ಬರೆದರು ಅಂತ ಹುಡುಕಲು ಹೇಳಿ, ಮನೆಗೆಲಸ ಆಯಿತು.

ಸಾವನ್ನು ಸಣ್ಣದಾಗಿ ಹೇಳಿ. 1764ರ ಏಪ್ರಿಲ್ 15, ವರ್ಸಾಯ್, ಶ್ವಾಸಕೋಶದ ಕಾಯಿಲೆ, ವಯಸ್ಸು 42. ರಾಜಮನೆತನದವರಲ್ಲದವರು ಆ ಅರಮನೆಯಲ್ಲಿ ಸಾಯುವ ಹಾಗಿರಲಿಲ್ಲ, ಅವಳಿಗೆ ರಾಜ ಅವಕಾಶ ಕೊಟ್ಟ. ಶವ ಹೊರಟ ಸಂಜೆ ಮಳೆ. ರಾಜ ಬಾಲ್ಕನಿಯಲ್ಲಿ ನಿಂತು ಗಾಡಿ ಕಣ್ಣಿಗೆ ಮರೆಯಾಗುವವರೆಗೆ ನೋಡಿದ. ಅವಳು ಪ್ಯಾರಿಸಿನಲ್ಲಿ ಕೊಂಡಿದ್ದ ಮನೆಯಲ್ಲಿ ಈಗ ಫ್ರಾನ್ಸಿನ ಅಧ್ಯಕ್ಷರು ಇದ್ದಾರೆ, ಎಲಿಸೇ ಅರಮನೆ ಅಂತ. ಟಿವಿಯಲ್ಲಿ ಎಲ್ಲರೂ ನೋಡಿದ್ದೇ.

ಕೊನೆಯ ಐದು ನಿಮಿಷ ಪ್ರಶ್ನೆಗೆ ಇಟ್ಟುಕೊಳ್ಳಿ. ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ, ಅವಳಿಗೆ ಮಕ್ಕಳು ಇರಲಿಲ್ವಾ ಅಂತ. ಮದುವೆಯಲ್ಲಿ ಹುಟ್ಟಿದ ಗಂಡು ಮಗು ಎಳೆಯದರಲ್ಲೇ ಹೋಯಿತು. ಅಲೆಕ್ಸಾಂದ್ರೀನ್ ಎಂಬ ಮಗಳಿದ್ದಳು. ಪ್ಯಾರಿಸಿನ ಕಾನ್ವೆಂಟಿನಲ್ಲಿ ಓದುತ್ತಿದ್ದಳು. 1754ರ ಜೂನ್‌ನಲ್ಲಿ ಹೊಟ್ಟೆನೋವು ಬಂದು ತೀರಿಹೋದಳು, ಆಗ ಒಂಬತ್ತು ವರ್ಷ. ಅಮ್ಮ ಸುದ್ದಿ ಕೇಳಿ ತಲುಪುವ ಮೊದಲೇ ಮುಗಿದಿತ್ತು. ಹತ್ತು ದಿನದಲ್ಲಿ ಪೊಂಪದೂರ್‌ಳ ಅಪ್ಪನೂ ಹೋದರು. ಲಾ ತೂರ್‌ನ ಚಿತ್ರ ಜನರ ಎದುರು ಬಂದದ್ದು ಅದರ ಮರುವರ್ಷ. ಈ ಉತ್ತರ ಹೇಳುವಾಗ ಪ್ರಿಂಟ್‌ಗಳನ್ನು ಇನ್ನೂ ಹಿಂದೆ ತೆಗೆದುಕೊಂಡಿರಬಾರದು. ಮಕ್ಕಳು ಆ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ. ಮಳೆಯಲ್ಲಿ ಹೊರಟ ಆ ಗಾಡಿ ಅವಳನ್ನು ಒಯ್ದದ್ದು ಪ್ಯಾರಿಸಿನ ಕಾಪುಚಿನ್ ಮಠಕ್ಕೆ, ಆ ಮಗಳ ಪಕ್ಕಕ್ಕೆ.